ಗುಮಾಸ್ತನ ಮೇಜಿನಿಂದ ಅಮೆರಿಕವನ್ನು ಓದಿದ ಫ್ಯಾನಿ ಲೂ ಹೇಮರ್

ಅಮೆರಿಕದ ಸರ್ಕಾರ ಹೇಗೆ ನಡೆಯುತ್ತೆ ಅಂತ ಕೇಳಿದರೆ ಉತ್ತರ ಯಾವಾಗಲೂ ಮೇಲಿನಿಂದ ಶುರುವಾಗುತ್ತದೆ. ಅಧ್ಯಕ್ಷರು, ಕಾಂಗ್ರೆಸ್ಸು, ಸುಪ್ರೀಂ ಕೋರ್ಟು. ಒಂದರ ಮೇಲೆ ಇನ್ನೊಂದರ ಕಾವಲು. ನಾನು ಓದಿದ್ದೂ ಹಾಗೆಯೇ. ಓದಿ ಮರೆತದ್ದೂ ಅಷ್ಟೇ ಬೇಗ. ಆ ವ್ಯವಸ್ಥೆ ತಲೆಗೆ ಹೋಗಿದ್ದು, ಮಿಸಿಸಿಪ್ಪಿ ರಾಜ್ಯದ ಹತ್ತಿ ಹೊಲದಲ್ಲಿ ಬೆಳೆದು, ಹನ್ನೆರಡನೇ ವಯಸ್ಸಿನ ಸುಮಾರಿಗೆ ಶಾಲೆ ಬಿಟ್ಟ ಒಬ್ಬ ಹೆಣ್ಣುಮಗಳ ಬದುಕನ್ನು ಓದಿದ ಮೇಲೆ. ಫ್ಯಾನಿ ಲೂ ಹೇಮರ್ ಈ ಸರ್ಕಾರದ ಮೆಟ್ಟಿಲುಗಳನ್ನು ಕೆಳಗಿನಿಂದ ಹತ್ತಿದವರು. ಕೌಂಟಿಯ ಗುಮಾಸ್ತ, ರಾಜ್ಯದ ಪೊಲೀಸು, ಜ್ಯೂರಿ, ಪಕ್ಷ, ಸಂಸತ್ತು, ಫೆಡರಲ್ ಕೋರ್ಟು ಎಲ್ಲ ಬಾಗಿಲನ್ನೂ ತಟ್ಟಿದರು. ಹೆಚ್ಚಿನವು ಅವರ ಮುಖದ ಮೇಲೇ ಮುಚ್ಚಿಕೊಂಡವು.

1917ರ ಅಕ್ಟೋಬರ್ 6ರಂದು ಹುಟ್ಟಿದ ಫ್ಯಾನಿ, ತಂದೆ ತಾಯಿಗೆ ಇಪ್ಪತ್ತನೇ ಮಗು, ಕೊನೆಯದು. ಮನೆಯವರು ಕೋರುಪಾಲಿಗೆ ಹೊಲ ಮಾಡುತ್ತಿದ್ದ ಕಪ್ಪು ಜನ. ಬೀಜ, ಗೊಬ್ಬರ, ದಿನಸಿ ಎಲ್ಲ ಧಣಿಯ ಲೆಕ್ಕದಲ್ಲಿ. ವರ್ಷದ ಕೊನೆಗೆ ಲೆಕ್ಕ ಹಾಕುವವನೂ ಅವನೇ, ಹಾಗಾಗಿ ಸಾಲ ತೀರುತ್ತಲೇ ಇರಲಿಲ್ಲ. ಫ್ಯಾನಿಗೆ ಆರು ವರ್ಷ ಇದ್ದಾಗ ಧಣಿ ಬಂದು, ಹತ್ತಿ ಬಿಡಿಸಿದರೆ ತನ್ನ ಅಂಗಡಿಯಿಂದ ತಿಂಡಿ ಕೊಡುವ ಆಸೆ ತೋರಿಸಿದ. ಮಗು ಬಿಡಿಸಿತು. ತಿಂಡಿಯ ಲೆಕ್ಕ ಮನೆಯವರ ಸಾಲಕ್ಕೆ, ಮಗುವಿನ ದುಡಿಮೆ ಧಣಿಯ ಹೊಲಕ್ಕೆ. ಅಂದಿನಿಂದ ಅವಳೂ ಕೂಲಿಯಾಳೇ. ಪೋಲಿಯೋದಿಂದ ಕಾಲು ಕುಂಟುತ್ತಿದ್ದರೂ ಹದಿಮೂರಕ್ಕೆ ದಿನಕ್ಕೆ 200 ಪೌಂಡಿಗೂ ಹೆಚ್ಚು, ಅಂದ್ರೆ ಸುಮಾರು 90 ಕಿಲೋ ಹತ್ತಿ ಬಿಡಿಸುತ್ತಿದ್ದಳು.

ಒಂದು ವರ್ಷ ಬೆಳೆ ಚೆನ್ನಾಗಿ ಬಂದು, ಅಪ್ಪ ಹೇಸರಗತ್ತೆಗಳನ್ನೂ ಉಳುಮೆಯ ಸಾಮಾನುಗಳನ್ನೂ ಕೊಂಡರು. ಇನ್ನು ತಲೆಯೆತ್ತಿ ನಿಲ್ಲಬಹುದು ಅನ್ನುವಷ್ಟರಲ್ಲಿ ಒಬ್ಬ ಬಿಳಿಯ ರಾತ್ರೋರಾತ್ರಿ ಅವುಗಳ ಮೇವಿಗೆ ವಿಷ ಬೆರೆಸಿದ. ಎಲ್ಲವೂ ಸತ್ತವು. ಆ ಕುಟುಂಬ ಮತ್ತೆ ಚೇತರಿಸಿಕೊಳ್ಳಲಿಲ್ಲ. ಮುಂದೆ ಹೇಮರ್ ಮತದ ಜೊತೆಗೆ ಜಮೀನಿನ ವಿಷಯವನ್ನೂ ಯಾಕೆ ಹಿಡಿದು ಕೂತರು ಅನ್ನುವುದಕ್ಕೆ ಈ ಘಟನೆಯನ್ನು ನೆನಪಿಟ್ಟುಕೊಳ್ಳಿ.

ಅವರು ಬೆಳೆದ ಸನ್‌ಫ್ಲವರ್ ಕೌಂಟಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಜನಸಂಖ್ಯೆಯಲ್ಲಿ ಕಪ್ಪು ಜನರೇ ಹೆಚ್ಚು, ಮತದಾರರ ಪಟ್ಟಿಯಲ್ಲಿ ಮಾತ್ರ ಅವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಶಾಲೆಗಳಲ್ಲಿ ಬಣ್ಣಭೇದ ಸಲ್ಲದು ಅಂತ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಾಗ, ಅದನ್ನು ವಿರೋಧಿಸಲು ಬಿಳಿಯರ ಸಿಟಿಜನ್ಸ್ ಕೌನ್ಸಿಲ್ ಹುಟ್ಟಿದ್ದು ಇದೇ ಕೌಂಟಿಯ ಇಂಡಿಯಾನೋಲಾ ಪಟ್ಟಣದಲ್ಲಿ. ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್ ಅವರ ಹತ್ತಿ ಪ್ಲಾಂಟೇಶನ್ ಇದ್ದದ್ದೂ ಇದೇ ಕೌಂಟಿಯಲ್ಲಿ. ಆತ 1956ರಿಂದ ಸೆನೆಟ್‌ನ ನ್ಯಾಯಾಂಗ ಸಮಿತಿಯ ಅಧ್ಯಕ್ಷ. ದೇಶದ ನಾಗರಿಕ ಹಕ್ಕಿನ ಮಸೂದೆಗಳು, ಫೆಡರಲ್ ನ್ಯಾಯಾಧೀಶರ ನೇಮಕಗಳು ಆತನ ಮೇಜು ದಾಟಿ ಹೋಗಬೇಕು. ಆ ಸಮಿತಿ ಅಧ್ಯಕ್ಷತೆ ಸಿಗುತ್ತಿದ್ದದ್ದು ಸೇವಾ ಹಿರಿತನದ ಮೇಲೆ. ಕಪ್ಪು ಜನರಿಗೆ ಮತವೇ ಇಲ್ಲದ, ಒಂದೇ ಪಕ್ಷ ಗೆಲ್ಲುವ ರಾಜ್ಯದಿಂದ ಆರಿಸಿ ಬಂದವರು ಸೋಲುತ್ತಲೇ ಇರಲಿಲ್ಲ, ಹಿರಿತನ ತಾನಾಗೇ ಬರುತ್ತಿತ್ತು. ಹೇಮರ್‌ಗೆ ಮತ ಇಲ್ಲದಿದ್ದುದಕ್ಕೂ ವಾಷಿಂಗ್ಟನ್ನಿನಲ್ಲಿ ಈಸ್ಟ್‌ಲ್ಯಾಂಡ್‌ಗೆ ಇದ್ದ ಅಧಿಕಾರಕ್ಕೂ ನೇರ ಸಂಬಂಧ ಇತ್ತು.

ಹಾಗಾದರೆ ಸಂವಿಧಾನ ಏನು ಮಾಡುತ್ತಿತ್ತು? 1870ರಲ್ಲೇ 15ನೇ ತಿದ್ದುಪಡಿ ಬಂದಿತ್ತು, ಬಣ್ಣದ ಕಾರಣಕ್ಕೆ ಮತದ ಹಕ್ಕನ್ನು ನಿರಾಕರಿಸುವಂತಿಲ್ಲ ಅಂತ. ಆದರೆ ಅಮೆರಿಕದಲ್ಲಿ ನಮ್ಮ ಚುನಾವಣಾ ಆಯೋಗದ ಥರ ಇಡೀ ದೇಶದ ಚುನಾವಣೆ ನಡೆಸುವ ಸಂಸ್ಥೆ ಇಲ್ಲ. ಚುನಾವಣೆಯ ಕಾಲ, ಜಾಗ, ಕ್ರಮಗಳನ್ನು ಮೊದಲು ನಿರ್ಧರಿಸುವುದು ರಾಜ್ಯಗಳು, ನಡೆಸುವುದು ಬಹುತೇಕ ಕೌಂಟಿ ಮಟ್ಟದ ಅಧಿಕಾರಿಗಳು. ಮಿಸಿಸಿಪ್ಪಿ ತನ್ನದೇ ರಾಜ್ಯ ಸಂವಿಧಾನವನ್ನು 1890ರಲ್ಲಿ ಹೊಸದಾಗಿ ಬರೆದುಕೊಂಡಿತು. ಅದರಲ್ಲಿ ಬಣ್ಣದ ಮಾತೇ ಇಲ್ಲ. ತಲೆಗಂದಾಯ ಕಟ್ಟಿರಬೇಕು, ಸಂವಿಧಾನದ ಯಾವುದಾದರೂ ಭಾಗವನ್ನು ಓದಬೇಕು ಅಥವಾ ಓದಿ ಹೇಳಿದರೆ ಅರ್ಥ ಮಾಡಿಕೊಳ್ಳಬೇಕು, ಅಷ್ಟೇ. ಅರ್ಥ ಆಯಿತೋ ಇಲ್ಲವೋ ಅಂತ ತೀರ್ಮಾನಿಸುವವನು ಸ್ಥಳೀಯ ಗುಮಾಸ್ತ. 1898ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಿಕೊಂಡೂ ಬಿಟ್ಟಿತು, ಅಕ್ಷರದಲ್ಲಿ ಭೇದ ಇಲ್ಲವಲ್ಲ ಅಂತ! ಆಮೇಲೆ ರಾಜ್ಯ ಇದನ್ನು ಇನ್ನೂ ಬಿಗಿ ಮಾಡಿತು. ಓದಿ, ನಕಲು ಬರೆದು, ವ್ಯಾಖ್ಯಾನವನ್ನೂ ಬರೆಯಬೇಕಾಯಿತು.

ಈ ಊರಲ್ಲಿ ಫ್ಯಾನಿ, ಪೆರಿ ಹೇಮರ್ ಅವರನ್ನು ಮದುವೆಯಾಗಿ ರೂಲ್‌ವಿಲ್ ಹತ್ತಿರದ ಮಾರ್ಲೋ ಎಂಬ ಧಣಿಯ ಪ್ಲಾಂಟೇಶನ್ನಿನಲ್ಲಿ ಹದಿನೆಂಟು ವರ್ಷ ದುಡಿದರು. ಓದು ಬರಹ ಬರುತ್ತಿದ್ದ ಕಾರಣ ಕೂಲಿಗಳ ಹಾಜರಿ, ಹತ್ತಿಯ ತೂಕ ಬರೆದಿಡುವ ಕೆಲಸ ಸಿಕ್ಕಿತು. ನಮ್ಮ ಕಾಫಿ ತೋಟಗಳ ರೈಟರ್ ಇದ್ದ ಹಾಗೆ ಅಂದುಕೊಳ್ಳಿ. 1961ರಲ್ಲಿ ಗಡ್ಡೆಯೊಂದನ್ನು ತೆಗೆಸಲು ಆಸ್ಪತ್ರೆಗೆ ಹೋದರು. ವೈದ್ಯ ಅವರನ್ನು ಕೇಳದೆಯೇ ಗರ್ಭಕೋಶವನ್ನೇ ತೆಗೆದುಹಾಕಿದ. ದಕ್ಷಿಣದ ಬಡ ಕಪ್ಪು ಹೆಂಗಸರಿಗೆ ಇದು ಆಗುತ್ತಲೇ ಇತ್ತು. ಹೇಮರ್ ದಂಪತಿ ಬೇರೆಯವರ ಹೆಣ್ಣುಮಕ್ಕಳನ್ನು ಸಾಕಿಕೊಂಡರು.

1962ರ ಆಗಸ್ಟ್‌ನಲ್ಲಿ ರೂಲ್‌ವಿಲ್‌ನ ಒಂದು ಚರ್ಚಿನಲ್ಲಿ ಸಭೆ ನಡೆಯಿತು. ಬಂದಿದ್ದವರಲ್ಲಿ ಸ್ನಿಕ್ ಎಂದು ಕರೆಯಲಾಗುತ್ತಿದ್ದ ವಿದ್ಯಾರ್ಥಿ ಸಂಘಟನೆಯ ಹುಡುಗ ಹುಡುಗಿಯರು ಇದ್ದರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಕಪ್ಪು ಜನರಿಗೂ ಮತ ನೋಂದಾಯಿಸುವ ಹಕ್ಕಿದೆ ಅನ್ನುವುದು ಹೇಮರ್‌ಗೆ ಗೊತ್ತಾಗಿದ್ದು ಅಲ್ಲೇ. ಆಗ ಅವರಿಗೆ 44 ವರ್ಷ! ಅದಕ್ಕೆ ಹತ್ತು ವರ್ಷ ಮೊದಲೇ, 1951–52ರಲ್ಲಿ, ನಮ್ಮ ದೇಶದ ಓದು ಬಾರದ ಭೂಹೀನ ಹೆಂಗಸರು ಚಿಹ್ನೆ ನೋಡಿ ಮತ ಹಾಕಿ ಬಂದಿದ್ದರು. ನಮ್ಮ ಸಂವಿಧಾನದ 326ನೇ ವಿಧಿ ಓದುಬರಹದ ಷರತ್ತು ಇಡಲಿಲ್ಲ. ಅದು ಎಷ್ಟು ದೊಡ್ಡ ನಿರ್ಧಾರ ಅನ್ನುವುದು ನನಗೆ ಹೊಳೆದದ್ದು ಹೇಮರ್ ಕತೆ ಓದುವಾಗ.

ಆಗಸ್ಟ್ 31ರಂದು ಹದಿನೇಳು ಹದಿನೆಂಟು ಜನ ಒಂದು ಹಳೇ ಬಸ್ಸಿನಲ್ಲಿ ಇಂಡಿಯಾನೋಲಾದ ಕೌಂಟಿ ಕಚೇರಿಗೆ ಹೋದರು. ಅರ್ಜಿಯಲ್ಲಿ ಹೆಸರು, ವಿಳಾಸದ ಜೊತೆಗೆ ಯಾರ ಹತ್ತಿರ ಕೆಲಸ ಅಂತಲೂ ಬರೆಯಬೇಕು. ಯಾರಿಗೆ ಸುದ್ದಿ ಮುಟ್ಟಿಸಬೇಕು ಅನ್ನುವುದು ಅಲ್ಲೇ ಸಿಕ್ಕಿಬಿಡುತ್ತಿತ್ತು. ಅರ್ಜಿದಾರರ ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಕಾನೂನೂ ಅದೇ ವರ್ಷ ಬಂದಿತ್ತು. ಆಮೇಲೆ ಪರೀಕ್ಷೆ. ರಾಜ್ಯ ಸಂವಿಧಾನದ ಸೆಕ್ಷನ್ನುಗಳಲ್ಲಿ ಯಾವುದು ಕೊಡಬೇಕು ಅನ್ನುವುದು ಗುಮಾಸ್ತನ ಇಷ್ಟ. ಹೇಮರ್‌ಗೆ ಬಂದದ್ದು 16ನೆಯದು, ಹಿಂದೆ ನಡೆದ ಕೃತ್ಯಕ್ಕೆ ಅನ್ವಯಿಸುವಂತೆ ಆಮೇಲೆ ಕಾನೂನು ಮಾಡಬಾರದು ಅನ್ನುವ ಸೆಕ್ಷನ್, ಅದೂ ಲ್ಯಾಟಿನ್ ಪದಗಳಲ್ಲಿ. ನಮ್ಮ ಸಂವಿಧಾನದ 20ನೇ ವಿಧಿಯಲ್ಲೂ ಇದೇ ತತ್ವದ ಒಂದು ರೂಪ ಇದೆ. ಎಷ್ಟು ಜನ ಪದವೀಧರರು ಇದನ್ನು ವಿವರಿಸಿಯಾರು? ಹೇಮರ್ ನಕಲು ಬರೆದರು, ವ್ಯಾಖ್ಯಾನ ಬರೆಯಲಾಗಲಿಲ್ಲ. ಫೇಲು.

ವಾಪಸ್ ಬರುವಾಗ ಪೊಲೀಸರು ಬಸ್ಸು ನಿಲ್ಲಿಸಿದರು. ಬಸ್ಸಿನ ಬಣ್ಣ ಅತಿಯಾಗಿ ಹಳದಿ, ಶಾಲಾ ಬಸ್ಸಿನಂತೆ ಕಾಣುತ್ತದೆ ಅಂತ ಡ್ರೈವರ್‌ಗೆ ದಂಡ. ಕೊನೆಗೆ ಎಲ್ಲರ ಜೇಬು ತಡಕಿ ದುಡ್ಡು ಹೊಂದಿಸಬೇಕಾಯಿತು. ಬಸ್ಸಿನೊಳಗೆ ಭಯದಿಂದ ಮುದುಡಿ ಕೂತಿದ್ದವರ ನಡುವೆ ಹೇಮರ್ ಭಜನೆಯ ಹಾಡು ಶುರು ಮಾಡಿದರು. ಮನೆ ಮುಟ್ಟುವ ಮೊದಲೇ ಧಣಿಗೆ ಸುದ್ದಿ ಮುಟ್ಟಿತ್ತು. ಅರ್ಜಿ ವಾಪಸ್ ತಗೋ, ಇಲ್ಲಾಂದ್ರೆ ಜಾಗ ಖಾಲಿ ಮಾಡು ಅನ್ನುವ ಆಜ್ಞೆ. ತಾನು ನೋಂದಣಿಗೆ ಹೋಗಿದ್ದು ತನಗೋಸ್ಕರ, ಧಣಿಗೋಸ್ಕರ ಅಲ್ಲ ಅಂತ ಹೇಮರ್ ಉತ್ತರಿಸಿ, ಆ ರಾತ್ರಿಯೇ ಮನೆ ಬಿಟ್ಟರು. ಗಂಡ ಮಾತ್ರ ಸುಗ್ಗಿ ಮುಗಿಯುವ ತನಕ ಅಲ್ಲೇ ದುಡಿಯಬೇಕಿತ್ತು. ಸೆಪ್ಟೆಂಬರ್ 10ರಂದು, ಅವರು ಆಶ್ರಯ ಪಡೆದಿದ್ದ ಮನೆಯ ಮೇಲೆ 16 ಗುಂಡು ಹಾರಿದವು. ಅಂದು ಅವರು ಅಲ್ಲಿರಲಿಲ್ಲ.

ಡಿಸೆಂಬರ್‌ನಲ್ಲಿ ಮತ್ತೆ ಪರೀಕ್ಷೆಗೆ ಹೋದರು. ಪಾಸಾಗುವವರೆಗೆ ತಿಂಗಳಿಗೊಮ್ಮೆ ಬರುತ್ತೇನೆ ಅಂತ ಗುಮಾಸ್ತನಿಗೆ ಹೇಳಿಯೇ ಕೂತರು. ಈ ನಡುವೆ ಸ್ನಿಕ್ ಹುಡುಗರ ಜೊತೆ ರಾಜ್ಯ ಸಂವಿಧಾನವನ್ನು ಸೆಕ್ಷನ್ ಸೆಕ್ಷನ್ ಆಗಿ ಓದಿದ್ದರು. 1963ರ ಜನವರಿಯಲ್ಲಿ ಪಾಸು. ಆದರೆ ಮತ ಹಾಕಲು ಹೋದಾಗ ಹೊಸ ತಕರಾರು: ಎರಡು ವರ್ಷದ ತಲೆಗಂದಾಯ ಕಟ್ಟಿದ ರಸೀದಿ ಎಲ್ಲಿ? ನೋಂದಣಿಯಾಗಿ ವರ್ಷವೂ ತುಂಬದವರ ಹತ್ತಿರ ಎರಡು ವರ್ಷದ ರಸೀದಿ ಎಲ್ಲಿಂದ ಬರಬೇಕು? ಈ ಇಡೀ ಕತೆಯಲ್ಲಿ ನನಗೆ ಹೆಚ್ಚು ಕಾಡುವುದು ಗುಂಡುಗಳಿಗಿಂತ ಈ ರಸೀದಿ. ಗುಂಡು ಹಾರಿಸಿದ್ದು ಅಪರಾಧ ಅಂತ ಯಾರೂ ಒಪ್ಪುತ್ತಾರೆ. ರಸೀದಿ ಕೇಳಿದವನು ತಾನು ನಿಯಮ ಪಾಲಿಸುತ್ತಿದ್ದೇನೆ ಅಂತಲೇ ರಾತ್ರಿ ನಿದ್ದೆ ಮಾಡಿರುತ್ತಾನೆ.

1963ರ ಜೂನ್ 9ರಂದು, ನಾಗರಿಕ ತರಬೇತಿ ಮುಗಿಸಿ ಬಸ್ಸಿನಲ್ಲಿ ಬರುವಾಗ, ವೈನೋನಾ ಎಂಬ ಊರಿನ ನಿಲ್ದಾಣದಲ್ಲಿ ಜೊತೆಗಿದ್ದವರು ಬಿಳಿಯರ ಕಡೆಯ ಹೋಟೆಲಿಗೆ ಹೋಗಿ ಕೂತರು. ರಾಜ್ಯಗಳ ನಡುವೆ ಓಡುವ ಬಸ್ಸುಗಳ ನಿಲ್ದಾಣದಲ್ಲಿ ಬಣ್ಣಭೇದ ಮಾಡಬಾರದು ಅಂತ ಫೆಡರಲ್ ಆಜ್ಞೆ 1961ರಲ್ಲೇ ಬಂದಿತ್ತು. ಪೊಲೀಸರಿಗೆ ಅದು ಲೆಕ್ಕಕ್ಕಿಲ್ಲ. ಎಲ್ಲರನ್ನೂ ಹಿಡಿದು ಜೈಲಿಗೆ ಹಾಕಿದರು. ಹೇಮರ್ ಅವರನ್ನು ಮಲಗಿಸಿ, ಅದೇ ಜೈಲಿನ ಇಬ್ಬರು ಕಪ್ಪು ಕೈದಿಗಳ ಕೈಗೆ ಬಾರುಕೋಲು ಕೊಟ್ಟು, ಸುಸ್ತಾಗುವ ತನಕ ಹೊಡೆಸಿದರು. ಮೂತ್ರಪಿಂಡಕ್ಕೆ ಪೆಟ್ಟು, ಕಣ್ಣಿನ ಹಿಂದೆ ಹೆಪ್ಪುಗಟ್ಟಿದ ರಕ್ತ, ಕುಂಟು ಕಾಲು ಇನ್ನಷ್ಟು ಕುಂಟು. ಬಿಡುಗಡೆಯಾದ ಜೂನ್ 12ರಂದೇ ಜಾಕ್ಸನ್ನಿನಲ್ಲಿ ಹೋರಾಟಗಾರ ಮೆಡ್ಗರ್ ಎವರ್ಸ್ ಕೊಲೆಯಾಗಿತ್ತು. ಕೇಂದ್ರದ ನ್ಯಾಯ ಇಲಾಖೆ ಪೊಲೀಸರ ಮೇಲೆ ಕೇಸು ಹಾಕಿತು, ಡಿಸೆಂಬರ್‌ನಲ್ಲಿ ಬಿಳಿಯರದೇ ಜ್ಯೂರಿ ಎಲ್ಲರನ್ನೂ ಬಿಟ್ಟುಬಿಟ್ಟಿತು. ಆರೋಪಿಗೆ ಜ್ಯೂರಿ ವಿಚಾರಣೆ ಕೊಡುವುದು ಅಮೆರಿಕದ ಹಕ್ಕುಪತ್ರದ ದೊಡ್ಡ ಹೆಮ್ಮೆ. ಮಿಸಿಸಿಪ್ಪಿ ಸಂವಿಧಾನದ ಪ್ರಕಾರ ಜ್ಯೂರಿಯಲ್ಲಿ ಕೂರಬೇಕಾದರೆ ಮತದಾರರಾಗಿರಬೇಕಿತ್ತು. ಅಂದ್ರೆ ಗುಮಾಸ್ತ ಕಿತ್ತುಕೊಳ್ಳುತ್ತಿದ್ದದ್ದು ಬರೀ ಓಟನ್ನಲ್ಲ.

1964ರಲ್ಲಿ ಹೋರಾಟ ಪಕ್ಷದ ಬಾಗಿಲಿಗೆ ಬಂತು. ಇದು ನಮಗೆ ಸ್ವಲ್ಪ ಹೊಸದು, ಬಿಡಿಸಿ ಹೇಳುತ್ತೇನೆ. ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನಿಸುವುದು ರಾಜ್ಯಗಳಿಂದ ಬರುವ ಪ್ರತಿನಿಧಿಗಳ ಮಹಾಸಮಾವೇಶ. ಆ ಪ್ರತಿನಿಧಿಗಳ ಆಯ್ಕೆ ಮಿಸಿಸಿಪ್ಪಿಯಲ್ಲಿ ಬೂತ್ ಮಟ್ಟದ ಸಭೆಗಳಿಂದ ಶುರುವಾಗುತ್ತಿತ್ತು. ಡೆಮಾಕ್ರಟಿಕ್ ಪಕ್ಷದ ಆ ಸಭೆಗಳಿಗೆ ಕಪ್ಪು ಜನರಿಗೆ ಪ್ರವೇಶ ಇಲ್ಲ. ಎಷ್ಟೋ ಕಡೆ ಬಾಗಿಲಿಗೇ ಬೀಗ. ಹಾಗಾಗಿ ಹೇಮರ್ ಮತ್ತು ಜೊತೆಗಾರರು ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ ಕಟ್ಟಿ, ಪಕ್ಷದ ನಿಯಮದಂತೆಯೇ ಬೂತು, ಕೌಂಟಿ, ರಾಜ್ಯ ಸಭೆಗಳನ್ನು ನಡೆಸಿ, 68 ಜನರ ನಿಯೋಗವನ್ನು ಅಟ್ಲಾಂಟಿಕ್ ಸಿಟಿಗೆ ಒಯ್ದರು. ಆ ಬೇಸಿಗೆಯಲ್ಲೇ ಚೇನಿ, ಗುಡ್‌ಮನ್, ಶ್ವೆರ್ನರ್ ಎಂಬ ಮೂವರು ಯುವ ಕಾರ್ಯಕರ್ತರ ಕೊಲೆಯಾಗಿತ್ತು.

ಆಗಸ್ಟ್ 22ರಂದು ಹೇಮರ್ ಸಮಿತಿಯ ಮುಂದೆ ಸುಮಾರು ಎಂಟು ನಿಮಿಷ ಮಾತಾಡಿದರು. ಕೈಯಲ್ಲಿ ಚೀಟಿ ಇಲ್ಲ. ಬಸ್ಸು, ಧಣಿ, ಗುಂಡು, ಜೈಲು, ಇಷ್ಟನ್ನೇ ನಡೆದ ಕ್ರಮದಲ್ಲಿ ಹೇಳಿದರು. ಟಿವಿಯಲ್ಲಿ ನೇರಪ್ರಸಾರ. ದಕ್ಷಿಣದ ಬಿಳಿಯರ ಓಟು ಕೈತಪ್ಪುವ ಆತಂಕದಲ್ಲಿದ್ದ ಅಧ್ಯಕ್ಷ ಲಿಂಡನ್ ಜಾನ್ಸನ್ ಥಟ್ಟನೆ ಪತ್ರಿಕಾಗೋಷ್ಠಿ ಕರೆದು ಕ್ಯಾಮೆರಾಗಳನ್ನು ತಮ್ಮ ಕಡೆ ತಿರುಗಿಸಿಕೊಂಡರು. ಚಾನೆಲ್‌ಗಳು ಸಂಜೆ ಅದೇ ಮಾತುಗಳನ್ನು ಮತ್ತೆ ತೋರಿಸಿದವು, ಹಗಲಿಗಿಂತ ಹೆಚ್ಚು ಜನ ನೋಡಿದರು. ಇಂದಿಗೂ ಆ ದನಿ ಅಂತರ್ಜಾಲದಲ್ಲಿ ಸಿಗುತ್ತದೆ. ಇಂಗ್ಲಿಷ್ ಪೂರ್ತಿ ಹಿಡಿಸದಿದ್ದರೂ ಕೇಳಿ.

ಪಕ್ಷದ ದೊಡ್ಡವರು ಎರಡು ಸೀಟು ಕೊಡುತ್ತೇವೆ ಅಂದರು. ಆ ಇಬ್ಬರು ಯಾರು ಅನ್ನುವುದನ್ನೂ ಅವರೇ ಗೊತ್ತು ಮಾಡಿದ್ದರು. ಹೇಮರ್ ಆ ಪಟ್ಟಿಯಲ್ಲಿ ಇರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಸೇರಿದಂತೆ ಹಲವು ನಾಯಕರು ಒಪ್ಪುವ ಕಡೆಗೇ ವಾಲಿದ್ದರು. ನಿಯೋಗ ಒಪ್ಪಲಿಲ್ಲ. ಇದು ರಾಜಕೀಯ ಅಪಕ್ವತೆ ಅಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಪ್ರತಿನಿಧಿ ಯಾರು ಅಂತ ಬೇರೆಯವರು ನಿರ್ಧರಿಸುವುದೇ ಅವರ ಮೂಲ ತಕರಾರಾಗಿದ್ದಾಗ, ಅದೇ ಪದ್ಧತಿಯಲ್ಲಿ ಬಂದ ಎರಡು ಕುರ್ಚಿಯನ್ನು ಗೆಲುವು ಅಂತ ಊರಿಗೆ ಒಯ್ಯುವುದು ಹೇಗೆ? ತಮಾಷೆ ನೋಡಿ, ಯಾರನ್ನು ಉಳಿಸಿಕೊಳ್ಳಲು ಈ ಸರ್ಕಸ್ ನಡೆಯಿತೋ ಆ ಬಿಳಿಯ ಪ್ರತಿನಿಧಿಗಳಲ್ಲಿ ಬಹುತೇಕರು ಸಮಾವೇಶ ಬಿಟ್ಟೇ ಹೊರಟರು. ನವೆಂಬರ್‌ನಲ್ಲಿ ಮಿಸಿಸಿಪ್ಪಿ ಎದುರಾಳಿ ಗೋಲ್ಡ್‌ವಾಟರ್‌ಗೆ ಶೇ 87ರಷ್ಟು ಮತ ಕೊಟ್ಟಿತು. ತಾರತಮ್ಯದಿಂದ ಆರಿಸಿ ಬಂದ ನಿಯೋಗಗಳಿಗೆ ಮುಂದಿನ ಸಲ ಜಾಗ ಇಲ್ಲ ಅಂತ ಪಕ್ಷ ನಿಯಮ ಬದಲಿಸಿತು. 1968ರ ಷಿಕಾಗೋ ಸಮಾವೇಶದಲ್ಲಿ ಹೇಮರ್ ಪ್ರತಿನಿಧಿಯಾಗಿ ಬಂದು ಕೂತಾಗ ಸಭೆ ಎದ್ದು ನಿಂತಿತು.

ಮುಂದಿನ ಬಾಗಿಲು ಕಾಂಗ್ರೆಸ್ಸು. ತನ್ನ ಸದಸ್ಯರ ಆಯ್ಕೆ ಸರಿಯೋ ತಪ್ಪೋ ಅಂತ ತೀರ್ಮಾನಿಸುವ ಅಧಿಕಾರವನ್ನು ಸಂವಿಧಾನ ಆಯಾ ಸದನಕ್ಕೇ ಕೊಟ್ಟಿದೆ. ಕಪ್ಪು ಜನರನ್ನು ಹೊರಗಿಟ್ಟು ನಡೆದ ಚುನಾವಣೆ ಚುನಾವಣೆಯೇ ಅಲ್ಲ, ಮಿಸಿಸಿಪ್ಪಿಯ ಐವರು ಸದಸ್ಯರನ್ನು ಕೂರಿಸಬೇಡಿ ಅಂತ ಹೇಮರ್ ಮತ್ತು ಜೊತೆಗಾರರು ಸವಾಲು ಹಾಕಿದರು. 1965ರ ಜನವರಿ 4ರಂದು ಸದನ 276–149 ಮತಗಳಿಂದ ಆ ಐವರನ್ನೇ ಕೂರಿಸಿತು. ಆದರೂ ಸವಾಲು ಜೀವಂತ ಉಳಿಯಿತು. ವಕೀಲರು ಮಿಸಿಸಿಪ್ಪಿಯ ಊರೂರು ತಿರುಗಿ ಸಾವಿರಾರು ಪುಟ ಸಾಕ್ಷ್ಯ ಸೇರಿಸಿದರು. ಸೆಪ್ಟೆಂಬರ್‌ನಲ್ಲಿ ಹೇಮರ್, ಆ್ಯನಿ ಡಿವೈನ್, ವಿಕ್ಟೋರಿಯಾ ಗ್ರೇ ಸದನದೊಳಗೆ ಕೂತು ನೋಡುತ್ತಿದ್ದಂತೆ 228–143ರಲ್ಲಿ ಅದೂ ಬಿದ್ದುಹೋಯಿತು. ಸೋಲು ನಿಜ. ಆದರೆ 143 ಮಂದಿ ಅವರ ಪರ ನಿಂತಿದ್ದನ್ನು ನಾನು ಸಣ್ಣದು ಅಂದುಕೊಳ್ಳುವುದಿಲ್ಲ.

ಎರಡು ಸೋಲುಗಳ ನಡುವೆ, 1965ರ ಆಗಸ್ಟ್ 6ರಂದು, ಮತದಾನ ಹಕ್ಕು ಕಾಯ್ದೆ ಬಂತು. ಮಿಸಿಸಿಪ್ಪಿಯಂಥ ರಾಜ್ಯಗಳಲ್ಲಿ ಓದುಬರಹದ ಪರೀಕ್ಷೆ ರದ್ದಾಯಿತು. ಗುಮಾಸ್ತ ಒಪ್ಪದಿದ್ದರೆ ಕೇಂದ್ರದ ಅಧಿಕಾರಿಯೇ ಬಂದು ನೋಂದಾಯಿಸಬಹುದು. ಇನ್ನೂ ಮುಖ್ಯವಾದದ್ದು: ಅಂಥ ರಾಜ್ಯಗಳು ಚುನಾವಣಾ ನಿಯಮದಲ್ಲಿ ಏನೇ ಬದಲಿಸಬೇಕಾದರೂ ಮೊದಲೇ ಕೇಂದ್ರದ ಒಪ್ಪಿಗೆ ಪಡೆಯಬೇಕು. ಅಲ್ಲಿಯತನಕ ತನಗೆ ಅನ್ಯಾಯವಾಗಿದೆ ಅಂತ ಮತದಾರರು ಕೋರ್ಟಿಗೆ ಅಲೆಯಬೇಕಿತ್ತು. ಇನ್ನು ಮೇಲೆ ಅನ್ಯಾಯ ಮಾಡುತ್ತಿಲ್ಲ ಅಂತ ರಾಜ್ಯವೇ ತೋರಿಸಬೇಕು. ಮಿಸಿಸಿಪ್ಪಿಯಲ್ಲಿ ನೋಂದಾಯಿತ ಕಪ್ಪು ಮತದಾರರ ಪ್ರಮಾಣ ಕಾಯ್ದೆಗೆ ಮೊದಲು ಶೇ 6.7 ಇದ್ದದ್ದು 1967ರ ಹೊತ್ತಿಗೆ ಶೇ 59.8 ಆಯಿತು. ಅದೇ ಕಾಂಗ್ರೆಸ್ಸು ಅದೇ ಅಕ್ಟೋಬರ್‌ನಲ್ಲಿ ವಲಸೆ ಕಾನೂನಿನ ಹಳೆಯ ದೇಶವಾರು ಕೋಟಾಗಳನ್ನೂ ಕಿತ್ತುಹಾಕಿತು. ಇವತ್ತು ಅಮೆರಿಕದಲ್ಲಿ ಕನ್ನಡ ಕೂಟ ಕಟ್ಟಿಕೊಂಡಿರುವ ನಮ್ಮವರಲ್ಲಿ ಬಹುತೇಕರು ಹೋದದ್ದು ಆ ಬಾಗಿಲು ತೆರೆದ ಮೇಲೆ.

ಹೇಮರ್ ಕೋರ್ಟನ್ನೂ ಬಿಡಲಿಲ್ಲ. ತಮ್ಮ ಕೌಂಟಿಯ ಅದೇ ಗುಮಾಸ್ತ ಕ್ಯಾಂಪ್‌ಬೆಲ್ ವಿರುದ್ಧ ಕೇಸು ಹಾಕಿದರು. ನೋಂದಣಿಗೆ ಸಮಯವೇ ಕೊಡದೆ ಪಟ್ಟಣದ ಚುನಾವಣೆ ನಡೆಸಿದ್ದು ಸಲ್ಲದು ಅಂತ 1966ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. 1967ರಲ್ಲಿ ಸನ್‌ಫ್ಲವರ್ ಪಟ್ಟಣದಲ್ಲಿ ಮರುಚುನಾವಣೆ ನಡೆಯಿತು. ಕಪ್ಪು ಅಭ್ಯರ್ಥಿಗಳು ಸೋತರು.

ಈ ಸೋಲು ಹೇಮರ್ ಅವರನ್ನು ಮತ್ತೆ ಹೊಲಕ್ಕೆ ಕರೆದೊಯ್ದಿತು ಅನ್ನುವುದು ನನ್ನ ಓದು. ಮನೆ, ಕೂಲಿ, ಅಂಗಡಿಯ ಸಾಲ ಎಲ್ಲವೂ ಧಣಿಯ ಕೈಯಲ್ಲಿರುವಾಗ ಮತಪೆಟ್ಟಿಗೆಯ ಮುಂದೆ ಮನುಷ್ಯ ಎಷ್ಟು ಸ್ವತಂತ್ರ? ಅಷ್ಟರಲ್ಲಿ ಯಂತ್ರಗಳೂ ಕಳೆನಾಶಕಗಳೂ ಬಂದು ಹತ್ತಿ ಹೊಲದ ಕೂಲಿಯೂ ತಪ್ಪಿಹೋಗಿತ್ತು. ಊರಲ್ಲಿ ಹಸಿವು. 1969ರಲ್ಲಿ 40 ಎಕರೆಯಿಂದ ಫ್ರೀಡಂ ಫಾರ್ಮ್ ಸಹಕಾರಿ ಶುರು ಮಾಡಿದರು, ಮುಂದೆ 640 ಎಕರೆ ಸೇರಿತು. ತರಕಾರಿ ಬೆಳೆದು ಹಂಚಿದರು. ಹಂದಿ ಬ್ಯಾಂಕ್ ಅಂತ ಒಂದು ಮಾಡಿದರು: ಬಡ ಮನೆಗೆ ಹೆಣ್ಣು ಹಂದಿ ಕೊಡುವುದು, ಅದು ಈದ ಮೇಲೆ ಕೆಲವು ಮರಿಗಳನ್ನು ಬ್ಯಾಂಕಿಗೆ ವಾಪಸ್ ಕೊಡುವುದು, ಅವು ಬೇರೆ ಮನೆಗೆ. ನಮ್ಮ ಹಳ್ಳಿಗಳಲ್ಲಿ ಆಡು, ಕುರಿಯನ್ನು ಪಾಲಿಗೆ ಕೊಡುವುದು ಗೊತ್ತಿರುವವರಿಗೆ ಈ ಲೆಕ್ಕ ತಕ್ಷಣ ಹತ್ತುತ್ತದೆ. ಸಾಲ, ಪ್ರಕೃತಿ ವಿಕೋಪ, ಹೊರಗಿನ ದೇಣಿಗೆಯ ಮೇಲಿನ ಅವಲಂಬನೆ ಎಲ್ಲ ಸೇರಿ ಎಪ್ಪತ್ತರ ದಶಕದ ನಡುವೆ ಆ ಜಮೀನು ಕೈಬಿಟ್ಟಿತು. 1971ರಲ್ಲಿ ರಾಜ್ಯ ಸೆನೆಟ್‌ಗೆ ನಿಂತು ಸೋತರು. ಚುನಾವಣೆಯಲ್ಲಿ ಗೆದ್ದು ಅಧಿಕಾರ ಹಿಡಿದವರಲ್ಲ ಅವರು.

1977ರ ಮಾರ್ಚ್ 14ರಂದು, 59ನೇ ವಯಸ್ಸಿನಲ್ಲಿ, ಕ್ಯಾನ್ಸರ್ ಮತ್ತು ರಕ್ತದೊತ್ತಡದಿಂದ ಬಳಲಿ ತೀರಿಕೊಂಡರು. ಆಗ ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಆ್ಯಂಡ್ರೂ ಯಂಗ್ ರೂಲ್‌ವಿಲ್‌ಗೆ ಬಂದು ಅಂತಿಮ ನಮನದ ಮಾತಾಡಿದರು. ಸೆನೆಟರ್ ಈಸ್ಟ್‌ಲ್ಯಾಂಡ್ ಆ ದಿನವೂ ನ್ಯಾಯಾಂಗ ಸಮಿತಿಯ ಅಧ್ಯಕ್ಷರೇ ಆಗಿದ್ದರು.

2006ರಲ್ಲಿ ಮತದಾನ ಹಕ್ಕು ಕಾಯ್ದೆಯ ವಿಶೇಷ ಅಂಶಗಳನ್ನು ಇನ್ನೂ 25 ವರ್ಷ ಮುಂದುವರಿಸುವ ಮಸೂದೆ ಬಂದಾಗ, ಅದರ ಹೆಸರಿನಲ್ಲೇ ಫ್ಯಾನಿ ಲೂ ಹೇಮರ್, ರೋಸಾ ಪಾರ್ಕ್ಸ್, ಕೊರೆಟ್ಟಾ ಸ್ಕಾಟ್ ಕಿಂಗ್ ಇದ್ದರು. ಸೆನೆಟ್‌ನಲ್ಲಿ 98–0 ಮತ. ಏಳು ವರ್ಷದ ನಂತರ, 2013ರಲ್ಲಿ, ಸುಪ್ರೀಂ ಕೋರ್ಟು 5–4ರ ತೀರ್ಪಿನಲ್ಲಿ, ಯಾವ ರಾಜ್ಯಗಳು ಮೊದಲೇ ಒಪ್ಪಿಗೆ ಪಡೆಯಬೇಕು ಅನ್ನುವ ಸೂತ್ರವನ್ನು ಹೊಡೆದುಹಾಕಿತು. ಪರಿಸ್ಥಿತಿ ಬದಲಾಗಿದೆ, ಹಳೆಯ ಅಂಕಿಅಂಶ ಹಿಡಿದು ರಾಜ್ಯಗಳಿಗೆ ಅಂಕುಶ ಹಾಕುವಂತಿಲ್ಲ ಅನ್ನುವುದು ಬಹುಮತದ ತರ್ಕ. ಒಪ್ಪಿಗೆ ಕೇಳುವ ಬಾಧ್ಯತೆ ಹಾಳೆಯ ಮೇಲೆ ಉಳಿದಿದೆ, ಯಾರಿಗೆ ಅದು ಅನ್ವಯ ಅನ್ನುವ ಪಟ್ಟಿ ಇಲ್ಲ. ಹೊಸ ಸೂತ್ರ ಬರೆಯುವ ಅಧಿಕಾರ ಕಾಂಗ್ರೆಸ್ಸಿಗಿದೆ. 2025ರ ಜನವರಿ 4ರಂದು ಶ್ವೇತಭವನದಲ್ಲಿ ಹೇಮರ್‌ಗೆ ಮರಣೋತ್ತರವಾಗಿ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಕೊಡಲಾಯಿತು. ಮಿಸಿಸಿಪ್ಪಿಯ ಐವರನ್ನು ಸದನ ಕೂರಿಸಿ ಅಂದಿಗೆ ಸರಿಯಾಗಿ ಅರವತ್ತು ವರ್ಷ. ಆ ಸೂತ್ರವನ್ನು ಕಾಂಗ್ರೆಸ್ಸು ಅಷ್ಟೊತ್ತಿಗೂ ಬರೆದಿರಲಿಲ್ಲ.